ಎಡಗೈ ಪೆಟ್ಟು

ಜಲಜಾಕ್ಷಿ ಸೀರೆ ಕೊಳ್ಳಲು ಹೊಸನಗರದ ಪೇಟೆಗೆ ಹೋಗಿ ಬರುವಷ್ಟರಲ್ಲಿ ಅವಳ ಸುತ್ತಿಗೆ ಪೆಟ್ಟುಗಳನ್ನೆಲ್ಲ ಉಜ್ಜಿ ಅಳಿಸಿದ್ದರು.

ಸೀರೆ ಅವಳು ಕೇಳಿದ್ದಲ್ಲ. ಗಂಡ ಸುಬ್ಬಯ್ಯನೇ ಬೆಳಿಗ್ಗೆ ಕಾಫಿ ಕುಡಿಯುತ್ತ ಹೇಳಿದ್ದ. "ನಾಳೆ ಗುಡಿ ಅಂಗಳದಾಗೆ ನೀನು ಮುಂದೆ ನಿಲ್ಬೇಕು ಮಾರಾಯ್ತಿ. ಈ ಕಿಡಿ ಬಿದ್ದು ತೂತಾದ ಸೀರೇಲಿ ನಿಲ್ತೀಯ? ಹೋಗಿ ಒಂದು ಒಳ್ಳೇದು ತಗೊಂಡು ಬಾ."

ಮದುವೆಯಾದಾಗಿನಿಂದ ಆ ಬಾಯಿಯಿಂದ ಅಂಥ ಮಾತು ಬಂದಿರಲಿಲ್ಲ. ಅವಳು ನಂಬಿದಳು. ಒಂದೇ ಒಲೆಯ ಮುಂದೆ ಇಷ್ಟು ವರ್ಷ ಕೂತವನನ್ನು ನಂಬದೆ ಇನ್ಯಾರನ್ನು ನಂಬಬೇಕು? ಅಂಗಡಿಯಲ್ಲಿ ನಾಲ್ಕಾರು ಸೀರೆ ಬಿಡಿಸಿ ನೋಡಿ, ಹಸಿರು ಅಂಚಿನ ಅರಿಶಿನ ಬಣ್ಣದ್ದೊಂದನ್ನು ಆರಿಸಿದಳು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಳು. ಕೇರಿಯ ತಿರುವಿನಲ್ಲಿ ಇಳಿಯುವಾಗ ಲೋಹ ಉಜ್ಜುವ ಗ್ರೈಂಡರಿನ ಕೀರಲು ಸದ್ದು ಕೇಳಿಸಿತು. ಅದು ಅವಳ ಮನೆಯ ಸದ್ದಲ್ಲ. ಆದರೆ ಅವಳ ಮನೆಯಿಂದಲೇ ಬರುತ್ತಿತ್ತು.

ಅಂಗಳದಲ್ಲಿ, ಗುಡಿಗೆಂದು ಅವಳು ಬಡಿದ ತಾಮ್ರದ ಕೊಪ್ಪರಿಗೆ ಮಗ್ಗುಲಾಗಿ ಬಿದ್ದಿತ್ತು. ಅದರ ಮೇಲೆ ಬಗ್ಗಿ ನಿಂತಿದ್ದವನು ಮೈದುನ ಹರಿಪ್ರಸಾದ್. ತೀರ್ಥಹಳ್ಳಿಯಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ ಇಟ್ಟವನು. ಕಂಚುಗಾರರ ಮನೆಯಲ್ಲಿ ಹುಟ್ಟಿಯೂ ಸುತ್ತಿಗೆ ಮುಟ್ಟದೆ ದೊಡ್ಡವನಾದವನು. ಅತ್ತಿಗೆಯನ್ನು ಕಂಡು ಮೆಷಿನ್ ನಿಲ್ಲಿಸಿ ಮುಖದ ಬಟ್ಟೆ ಕೆಳಗೆ ಸರಿಸಿದ.

"ಕನ್ನಡಿ ಆಯ್ತು ನೋಡಿ ಅತ್ತಿಗೆ. ಮುಖ ನೋಡ್ಕೊಳ್ಳಬಹುದು."

ಅವಳು ನೋಡಿದಳು. ಮುಖ ಕಂಡಿತು. ಪೆಟ್ಟು ಒಂದೂ ಕಾಣಲಿಲ್ಲ.

ತಾಮ್ರ ಬಡಿಯುವುದನ್ನು ನೋಡದವರಿಗೆ ಇದೇನು ಮಹಾ ಅನ್ನಿಸಬಹುದು. ತಗಡನ್ನು ಕೆಂಪಗೆ ಕಾಯಿಸಿ, ನೀರಿಗದ್ದಿ, ಬಡಿಯಬೇಕು. ಬಡಿದಷ್ಟೂ ತಾಮ್ರ ಗಡುಸಾಗುತ್ತದೆ, ಮೊಂಡು ಹಿಡಿಯುತ್ತದೆ. ಮತ್ತೆ ಕಾಯಿಸಬೇಕು, ಮತ್ತೆ ಬಡಿಯಬೇಕು. ಆಕಾರ ಬಂದ ಮೇಲೆ ಸಣ್ಣ ಸುತ್ತಿಗೆಯಲ್ಲಿ ತಳದಿಂದ ಬಾಯಿಯವರೆಗೆ ಸಾಲು ಸಾಲಾಗಿ ಪೆಟ್ಟು ಕೂರಿಸಿಕೊಂಡು ಬರಬೇಕು. ಉಗುರಿನಗಲದ ಪೆಟ್ಟು, ಒಂದರ ಮಗ್ಗುಲಿಗೆ ಒಂದು. ಕೈ ಎಲ್ಲಿ ದಣಿಯಿತು, ಎಲ್ಲಿ ಸಿಟ್ಟಾಯಿತು, ಎಲ್ಲಿ ಖುಷಿಯಾಯಿತು ಎಂಬುದೆಲ್ಲ ಆ ಸಾಲಿನಲ್ಲಿರುತ್ತದೆ. ಊರಿನ ಬಚ್ಚಲುಗಳ ಹಳೇ ಹಂಡೆಗಳನ್ನೆಲ್ಲ ನೋಡಿ, ಸಾಲು ಒಂದೇ ಕಡೆಗೆ ವಾಲಿಕೊಂಡು ಏರುತ್ತದೆ. ಜಲಜಳ ಸಾಲು ಮಾತ್ರ ಇನ್ನೊಂದು ಕಡೆಗೆ ವಾಲುತ್ತದೆ. ಅವಳು ಎಡಚಿ.

ಆ ಎಡಗೈಗೆ ಚಿಕ್ಕಂದಿನಲ್ಲೇ ಸಾಕಷ್ಟು ಶಿಕ್ಷೆಯಾಗಿತ್ತು. ಎಡಗೈಯಲ್ಲಿ ಅನ್ನ ಬಡಿಸಿದಳೆಂದು ಅವ್ವ ಕಾದ ಸೌಟನ್ನು ಮಣಿಕಟ್ಟಿಗೆ ಮುಟ್ಟಿಸಿದ್ದಳು. ಕಲೆ ಇನ್ನೂ ಇದೆ. ಮದುವೆಯಾಗಿ ಬಂದ ಮೇಲೆ ಅವಳ ಪಾಲಿಗೆ ಬಂದದ್ದು ಬೂದಿ ಬಳಿಯುವ, ಇದ್ದಿಲು ಒಡೆಯುವ, ಹುಣಸೆಹಣ್ಣು ಹಾಕಿ ಪಾತ್ರೆ ತಿಕ್ಕುವ ಕೆಲಸ. ಈ ಕಡೆ ತಾಮ್ರ ಬಡಿಯುವವನಿಗೂ ಹಿತ್ತಾಳೆ ಎರೆಯುವವನಿಗೂ ಕಂಚುಗಾರ ಎಂದೇ ಹೆಸರು. ಕಸುಬಿಗೂ ಅದೇ, ಕೇರಿಗೂ ಅದೇ, ಪಂಕ್ತಿಯಿಂದ ಎಬ್ಬಿಸಿ ಆಚೆ ಕೂರಿಸುವಾಗ ಕರೆಯುವುದಕ್ಕೂ ಅದೇ. ಕಂಚುಗಾರ್ತಿ ಎಂದರೆ ಅವನ ಹೆಂಡತಿ, ಅಷ್ಟೇ.

ಸುಬ್ಬಯ್ಯನ ಬಲಗೈಗೆ ಲಕ್ವ ಹೊಡೆದ ವರ್ಷ ಆ ಒಲೆ ಆರಿಹೋಗಬೇಕಿತ್ತು. ಅಡಿಕೆ ಬೇಯಿಸುವ ಹಂಡೆಗಳು ತಳ ತೂತಾಗಿ ಅಂಗಳದಲ್ಲಿ ಬಂದು ಕೂತಿದ್ದವು. ಜಲಜ ಒಂದು ದಿನ ಸುತ್ತಿಗೆ ಎತ್ತಿಕೊಂಡಳು. ಬಲಗೈಯಲ್ಲಿ ಎತ್ತಿಕೊಂಡಿದ್ದಳು, ಹೆದರಿಕೆಗೆ. ಪೆಟ್ಟು ಒಂದೂ ನೆಟ್ಟಗೆ ಬೀಳಲಿಲ್ಲ. ಸುಬ್ಬಯ್ಯ ತೆವಳಿಕೊಂಡು ಹತ್ತಿರ ಬಂದು, ಸುತ್ತಿಗೆಯನ್ನು ಅವಳ ಬಲಗೈಯಿಂದ ಬಿಡಿಸಿ ಎಡಗೈಗೆ ಕೊಟ್ಟ.

"ನಿನ್ನ ಕೈ ಯಾವ್ದೋ ಅದ್ರಾಗೆ ಬಡಿ. ತಾಮ್ರಕ್ಕೆ ಎಡ ಬಲ ಗೊತ್ತಿಲ್ಲ."

ಆ ಮಾತಿಗಾಗಿ ಅವಳು ಅವನ ಎಂಥೆಂಥ ಬೈಗುಳವನ್ನೂ ನುಂಗಿಕೊಂಡಿದ್ದಳು. ಅವನು ಕಲಿಸಿದ್ದೂ ಹಾಗೇ, ಹಟ ಹಿಡಿದು, ಬೈದು, ಕಿವಿ ಹಿಂಡುವುದೊಂದು ಬಿಟ್ಟು. ಸದ್ದು ಕೇಳಿ ತಾಮ್ರ ಎಷ್ಟು ಗಡುಸಾಯಿತೆಂದು ಹೇಳುವುದನ್ನು ಕಲಿಸಿದ. ಅವಳ ಹೆಗಲು ಊದಿದ ದಿನ ಸರಿಯಿರುವ ತನ್ನ ಎಡಗೈಯಿಂದ ಎಣ್ಣೆ ತಿಕ್ಕಿದ. ಅವನು ಕೆಟ್ಟವನಾಗಿದ್ದರೆ ಈ ಕತೆ ಸುಲಭವಿತ್ತು.

ಒಂದೇ ಕರಾರು. ಕದ ಹಾಕಿ ಬಡಿಯಬೇಕು. ದಾರಿಯವರಿಗೆ ಕಾಣಬಾರದು. ಇದ್ದಿಲ ಕಾವು, ಹೊಗೆ, ಬ್ಲೋವರಿನ ಬಿಸಿಗಾಳಿ ಎಲ್ಲ ಒಳಗೇ. ಬೇಸಗೆಯಲ್ಲಿ ಅವಳ ಮೈಯ ಬೆವರು ಸೀರೆಯಲ್ಲೇ ಒಣಗಿ ಉಪ್ಪಾಗುತ್ತಿತ್ತು. ಯಾರಾದರೂ ಹೊರಗೆ ಕೆಮ್ಮಿದರೆ ಸುತ್ತಿಗೆ ಸುಬ್ಬಯ್ಯನ ತೊಡೆಗೆ ಹೋಗುತ್ತಿತ್ತು, ಅವಳು ಬ್ಲೋವರಿನ ಪಕ್ಕಕ್ಕೆ ಸರಿಯುತ್ತಿದ್ದಳು. ಬಂದವರು "ಎಂತ ಸುಬ್ಬಯ್ಯ, ಒಂದು ಕೈಯಾಗೂ ಭಾರೀ ಕೆಲಸ ತೆಗೀತೀಯಲ್ಲ" ಅನ್ನುತ್ತಿದ್ದರು. ಅವನು ನಗುತ್ತಿದ್ದ. ಅವರಿಗೂ ಗೊತ್ತಿತ್ತು ಅನ್ನಿ. ಗೊತ್ತಿಲ್ಲದಂತೆ ಇರುವುದು ಎಲ್ಲರಿಗೂ ಅನುಕೂಲವಾಗಿತ್ತು.

ಈ ಕೊಪ್ಪರಿಗೆಯ ಕೆಲಸ ಬಂದಾಗ ಮಾತ್ರ ಅವಳು ಕರಾರು ಮುರಿಯಲು ಕೇಳಿದಳು. ಅಮ್ಮನವರ ಗುಡಿಯ ವರ್ಷದ ಸಂತರ್ಪಣೆಗೆ ಕೈಯಲ್ಲಿ ಬಡಿದದ್ದೇ ಆಗಬೇಕೆಂದು ಊರವರು ಗೊತ್ತು ಮಾಡಿದ್ದರು. ಊರಿನ ಹೆಂಗಸರು ಬಚ್ಚಲಲ್ಲಿ ಸುಮ್ಮನೆ ಕೂತಿದ್ದ ಹಳೇ ತಾಮ್ರದ ಹಂಡೆಗಳನ್ನು ಕೊಟ್ಟರು. ಅದಕ್ಕೆ ಬದಲಾಗಿ ಶಿವಮೊಗ್ಗದಿಂದ ಹೊಸ ತಗಡು ಬಂತು. ಗುಡಿಗೆ ಪಾತ್ರೆ ಒಪ್ಪಿಸುವುದಕ್ಕೆ ಒಂದು ಕಟ್ಟಳೆ ಇದೆ. ನೀರು ತುಂಬಿಸಿಟ್ಟ ಪಾತ್ರೆಯ ಮುಂದೆ ನಿಂತು ಮೊಕ್ತೇಸರರು "ಕಂಚುಗಾರ ಯಾರು?" ಎಂದು ಕೇಳುತ್ತಾರೆ. ಮಾಡಿದವನು "ನಾನು" ಎಂದು, ಬಾಯಂಚಿಗೆ ಸುತ್ತಿಗೆಯಿಂದ ಒಂದು ಪೆಟ್ಟು ಹಾಕುತ್ತಾನೆ. ಆ ಸದ್ದು ನಿಂತ ಮೇಲೆ ಪಾತ್ರೆ ದೇವರದು. ಅಲ್ಲಿಯವರೆಗೆ ಕಂಚುಗಾರನದು.

"ಕೇಳಿದಾಗ ನನ್ನ ಕಡೆ ಕೈ ತೋರಿಸ್ತೀರಾ?" ಎಂದು ಜಲಜ ಕೇಳಿದ್ದಳು.

"ತೋರಿಸ್ತೀನಿ," ಎಂದಿದ್ದ ಸುಬ್ಬಯ್ಯ. "ಕಾಳಮ್ಮನಾಣೆ."

ಆಣೆ ಇಟ್ಟವನು ಈಗ ಜಗಲಿಯ ಕಂಬಕ್ಕೆ ಒರಗಿ ಎಲೆಯಡಿಕೆ ಹಾಕುತ್ತಿದ್ದ. ಜಲಜ ಸೀರೆಯ ಚೀಲವನ್ನು ಅವನ ಮುಂದೆ ಇಟ್ಟಳು.

"ಎಂತಕ್ಕೆ ಅಳಿಸಿದ್ರಿ?"

"ಸೀತಾರಾಮಪ್ಪನೋರು ನೋಡಕ್ಕೆ ಬಂದಿದ್ರು ಮೊನ್ನೆ, ನೀನು ಹೊಳೆಗೆ ಹೋದಾಗ." ಸೀತಾರಾಮಪ್ಪನೆಂದರೆ ಗುಡಿಯ ಮೊಕ್ತೇಸರ. "ಸಾಲು ನೋಡಿ, ಇದೆಂತ ಉಲ್ಟಾ ಹೋಗಿದೆಯಲ್ಲ ಸುಬ್ಬಯ್ಯ ಅಂದ್ರು."

"ನೀವೆಂತ ಅಂದ್ರಿ?"

"ಪಾಲಿಶ್ ಆಗ್ಬೇಕು ಇನ್ನೂ, ಅಂದೆ." ಅವನು ಆಚೆ ನೋಡಿದ. "ದೇವರ ಪಾತ್ರೆ ಜಲಜಾ. ಹೆಂಗಸಿನ ಕೈ, ಅದ್ರಾಗೂ ಎಡಗೈ. ಗೊತ್ತಾದ್ರೆ ಗುಡಿ ಒಳಗೆ ಬಿಡ್ತಾರ? ನಾಳೆಯಿಂದ ಕೇರಿಗೆ ಯಾರು ಬರ್ತಾರೆ?"

"ತಾಮ್ರಕ್ಕೆ ಎಡ ಬಲ ಗೊತ್ತಿಲ್ಲ ಅಂತಿದ್ರಿ."

"ತಾಮ್ರಕ್ಕೆ ಗೊತ್ತಿಲ್ಲ. ಊರಿಗೆ ಗೊತ್ತಲ್ಲ."

"ನಾಳೆ ನಾನು ಅನ್ನೋರು ಯಾರು?"

ಸುಬ್ಬಯ್ಯ ತಮ್ಮನ ಕಡೆ ನೋಡಿದ. ಹರಿಪ್ರಸಾದ್ ಮೆಷಿನ್ನಿನ ವಯರು ಸುತ್ತುತ್ತಿದ್ದ. ಅವನ ಎರಡೂ ಕೈ ನುಣ್ಣಗಿದ್ದವು. ಸೀರೆ ಕೊಡಿಸಿದ್ದು ಮುಂದೆ ನಿಲ್ಲಿಸುವುದಕ್ಕಲ್ಲ, ಅಷ್ಟು ಹೊತ್ತು ಮನೆಯಿಂದ ಹೊರಗಿಡುವುದಕ್ಕೆ ಎಂದು ಜಲಜಳಿಗೆ ಆಗ ಗೊತ್ತಾಯಿತು. ಊರು ಮೋಸ ಮಾಡುತ್ತದೆಂದು ಅವಳಿಗೆ ಗೊತ್ತಿತ್ತು, ಅದಕ್ಕೆ ಅವಳು ತಯಾರಿದ್ದಳು. ಇವನು ಮಾಡುತ್ತಾನೆಂದು ತಯಾರಿರಲಿಲ್ಲ.

ಅವಳು ಕೊಪ್ಪರಿಗೆಯ ಮೇಲೆ ಕೈಯಾಡಿಸಿದಳು. ತಗಡು ತಗಡು ಸೇರುವಲ್ಲಿ ಅಂಚಿಗೆ ಹಲ್ಲು ಕತ್ತರಿಸಿ, ಒಂದರೊಳಗೊಂದು ಕೂರಿಸಿ, ಬಿಳಿಗಾರ ಹಾಕಿ ಬೆಸೆದಿದ್ದಳು. ಒಂದು ವಾರ ಅವಳ ಕಣ್ಣು ಆ ಬೆಂಕಿಗೆ ಉರಿದಿತ್ತು. ಹೆಬ್ಬೆರಳು ಅಲ್ಲಿ ಹೋಗಿ ನಿಂತಿತು.

"ಬೆಸುಗೆ ಮೇಲೂ ಹಿಡಿದ್ಯನಾ ಮೆಷಿನ್ನು?"

"ಗೆರೆ ಕಾಣ್ತಿತ್ತಲ್ಲ ಅತ್ತಿಗೆ. ಅಸಹ್ಯ."

"ಹಲ್ಲು ತೆಳ್ಳಗಾಗಿದೆ. ಸೋರ್ತದೆ."

ಹರಿಪ್ರಸಾದ್ ಅಣ್ಣನ ಮುಖ ನೋಡಿ ನಕ್ಕ. "ಅತ್ತಿಗೆಗೆ ಸಿಟ್ಟು ಬಂದಿದೆ."

"ಕೇಳಿಸ್ತೇನ್ರಿ? ಸೋರ್ತದೆ ಅಂದೆ."

ಸುಬ್ಬಯ್ಯನಿಗೆ ಕೇಳಿಸಿತ್ತು. ಅವನು ಎಲೆಗೆ ಸುಣ್ಣ ಹಚ್ಚಿದ. ತಾಮ್ರದ ವಿಷಯದಲ್ಲಿ ಅವಳ ಮಾತು ಸುಳ್ಳಾಗುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಮಾರನೇ ಬೆಳಿಗ್ಗೆ ಕೊಪ್ಪರಿಗೆ ಪಿಕಪ್ಪಿನಲ್ಲಿ ಗುಡಿಗೆ ಹೋಯಿತು. ಜಲಜ ಹೊಸ ಸೀರೆಯನ್ನು ಮುಟ್ಟಲಿಲ್ಲ. "ಉಟ್ಕೊ, ಊರೋರ ಮುಂದೆ ಚಂದ ಕಾಣ್ತದೆ" ಎಂದು ಸುಬ್ಬಯ್ಯ ಚೀಲವನ್ನು ಗುಡಿಯವರೆಗೂ ತಾನೇ ಹಿಡಿದು ತಂದಿದ್ದ. ಅವಳು ಕಿಡಿ ತೂತಿನ ಸೀರೆಯಲ್ಲೇ ನಡೆದು ಬಂದು, ಅಡಿಗೆ ಛತ್ರದ ಗೋಡೆ ಬದಿಯಲ್ಲಿ ತರಕಾರಿ ಹೆಚ್ಚುವ ಹೆಂಗಸರ ಜೊತೆ ನಿಂತಳು. ಹಲಸಿನಕಾಯಿ ಕೊಚ್ಚುತ್ತಿದ್ದ ಕೆರಿಯಮ್ಮ ಅವಳಿಗೆ ಜಾಗ ಬಿಟ್ಟಳು. ಕೆರಿಯಮ್ಮನದು ಪಕ್ಕದ ಕೇರಿಯ ಗೇಣಿ ಒಕ್ಕಲಿನ ಮನೆ. ಈ ಕೊಪ್ಪರಿಗೆಗೆ ಮೊದಲ ಹಂಡೆ ಕೊಟ್ಟವಳು ಅವಳೇ, ಅತ್ತೆಯ ಕಾಲದ್ದು.

"ಎಂತ ಜಲಜಕ್ಕ, ಮುಖ ಹೀಂಗಿದೆ?"

"ನೋಡ್ತಿರು," ಎಂದಳು ಜಲಜ.

ಕೊಪ್ಪರಿಗೆಗೆ ಹೂವಿನ ಹಾರ ಹಾಕಿದರು. ಕೊಡ ಕೊಡ ನೀರು ಸುರಿದು ಕುತ್ತಿಗೆಯವರೆಗೆ ತುಂಬಿಸಿದರು. ಬಿಸಿಲಿಗೆ ಅದು ಫಳಫಳ ಹೊಳೆಯಿತು. ಜನ ಮೊಬೈಲ್ ಎತ್ತಿ ಫೋಟೋ ತೆಗೆದರು. ಸೀತಾರಾಮಪ್ಪ ಶಲ್ಯ ಸರಿಮಾಡಿಕೊಂಡು ಎದುರಿಗೆ ನಿಂತ.

"ಕಂಚುಗಾರ ಯಾರು?"

ಜಲಜ ಗಂಡನನ್ನೇ ನೋಡಿದಳು. ಇನ್ನೂ ಒಂದು ಆಸೆ ಉಳಿದಿತ್ತು, ನಾಚಿಕೆಗೆಟ್ಟ ಆಸೆ. ಅವನ ಎಡಗೈ ಏಳಲಿಲ್ಲ.

"ನಾನು," ಎಂದ ಹರಿಪ್ರಸಾದ್.

ಅವನು ಸುತ್ತಿಗೆ ಎತ್ತಿದ. ಕೊಪ್ಪರಿಗೆಯ ಕೆಳಗೆ ಹಾಸಿದ್ದ ಬಾಳೆಲೆಯ ಮೇಲೆ ಆಗಲೇ ನೀರು ಹರಿಯುತ್ತಿತ್ತು. ಮೊದಲು ನೋಡಿದವರು ಭಟ್ಟರು. ಬೆಸುಗೆಯ ಉದ್ದಕ್ಕೂ ಹನಿ ಮೂಡಿ, ಹನಿ ಸೇರಿ ಗೆರೆಯಾಗಿ ಇಳಿಯುತ್ತಿತ್ತು.

"ಏ ಕಂಚುಗಾರ," ಎಂದ ಸೀತಾರಾಮಪ್ಪ. "ಇದೆಂತದು?"

ಹರಿಪ್ರಸಾದನ ಸುತ್ತಿಗೆ ಕೆಳಗಿಳಿಯಿತು. "ನಾನು ಬರೀ ಪಾಲಿಶ್ ಮಾಡಿದ್ದು. ಬೆಸ್ದಿದ್ದೆಲ್ಲ ಅಣ್ಣ."

ಎಲ್ಲರ ಕಣ್ಣು ಸುಬ್ಬಯ್ಯನ ಕಡೆಗೆ ತಿರುಗಿತು. ಅವನು ಜೋತುಬಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ತೋರಿಸಿದ. ಇಷ್ಟು ವರ್ಷ ಪಂಚೆಯಲ್ಲಿ ಮುಚ್ಚಿಕೊಂಡು ತಿರುಗುತ್ತಿದ್ದ ಕೈ ಅದು.

"ನನ್ನ ಕೈ ನೋಡಿ ಸ್ವಾಮಿ. ಇದ್ರಾಗೆ ಬಡಿಯಕ್ಕಾಗ್ತದಾ? ಬಡಿದದ್ದು ಅವಳು. ಎಲ್ಲ ಅವಳೇ ಮಾಡಿದ್ದು."

ಕಡೆಗೂ ಹೇಳಿದ. ಸಭೆಯ ನಡುವೆ, ಊರೆಲ್ಲ ಕೇಳುವಂತೆ, ಕೊಟ್ಟ ಮಾತಿನಂತೆ ಅವಳ ಕಡೆ ಕೈ ತೋರಿಸಿಯೇ ಹೇಳಿದ. ಹೊಳೆಯುವಾಗ ತಮ್ಮನದು, ಸೋರುವಾಗ ಹೆಂಡತಿಯದು. ಈ ಮಾತು ಕೇಳಲು ಅವಳು ಎಷ್ಟು ಇದ್ದಿಲು ಸುಟ್ಟಿದ್ದಳು. ಅದು ಹೀಗೆ ಬರುತ್ತದೆಂದು ಗೊತ್ತಿದ್ದರೆ ಕಿವಿಗೆ ಸೀಸ ಹೊಯ್ದುಕೊಳ್ಳುತ್ತಿದ್ದಳು.

ಅಂಗಳದಲ್ಲಿ ಗುಜುಗುಜು ಎದ್ದಿತು. ಹೆಂಗಸು ಬಡಿದದ್ದಂತೆ. ಎಡಚಿ ಬೇರೆ. ಅದಕ್ಕೇ ಸೋರಿದ್ದು. ಅಮ್ಮನವರಿಗೇ ಬೇಡವಾಯ್ತು. ಯಾರೋ ನಕ್ಕರು. ಕಂಚುಗಾರರ ಮನೆ ಬೆಕ್ಕು ಸದ್ದಿಗೆ ಹೆದರುವುದಿಲ್ಲ ಅನ್ನುತ್ತಾರೆ. ಜಲಜ ಹೆದರಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು, ಅಂಗಾಲಿನಿಂದ ನೆತ್ತಿಯವರೆಗೆ.

ಸೀತಾರಾಮಪ್ಪ ಲೆಕ್ಕಾಚಾರದ ಮನುಷ್ಯ. ನಾಳೆ ಊರಿಗೆಲ್ಲ ಊಟ ಹಾಕಬೇಕಾದವನು. ಭಟ್ಟರ ಕಿವಿಯಲ್ಲಿ ಏನೋ ಮಾತಾಡಿ, ಸುಬ್ಬಯ್ಯನನ್ನು ಹತ್ತಿರ ಕರೆದ. ಮೆಲ್ಲಗೆ ಹೇಳಿದರೂ ಎಲ್ಲರಿಗೂ ಕೇಳಿಸಿತು.

"ಆಗಿದ್ದಾಯ್ತು. ಹಿಂದುಗಡೆ ತಗೊಂಡ್ಹೋಗಿ ಅವಳ ಹತ್ರನೇ ಸರಿ ಮಾಡ್ಸು. ಏನಾದ್ರೂ ಅಡ್ಡ ಕಟ್ಟು, ಜನಕ್ಕೆ ಕಾಣದ್ಹಂಗೆ. ಆಮೇಲೆ ಭಟ್ರು ಶುದ್ಧ ಮಾಡ್ತಾರೆ. ಪೆಟ್ಟು ನಿನ್ನ ತಮ್ಮ ಹಾಕ್ಲಿ. ಮಾತು ಇಲ್ಲಿಗೆ ಮುಗೀತು."

ಸುಬ್ಬಯ್ಯನ ಮುಖಕ್ಕೆ ಜೀವ ಬಂತು. ಅವನು ಚೀಲಕ್ಕೆ ಕೈ ಹಾಕಿ ಹೊಸ ಸೀರೆ ತೆಗೆದ. ಹಸಿರು ಅಂಚಿನ, ಮಡಿಕೆ ಬಿಚ್ಚದ ಸೀರೆ. ಛತ್ರದ ಹಿಂದಿನ ಕಂಬಕ್ಕೆ ಅದರ ಒಂದು ತುದಿ ಸುತ್ತಿ, ಹಲ್ಲಿನಿಂದ ಕಚ್ಚಿ ಎಳೆದು, ಒಂದೇ ಕೈಯಲ್ಲಿ ಗಂಟು ಹಾಕಲು ಒದ್ದಾಡಿದ. ಆಮೇಲೆ ಅವಳ ಹತ್ತಿರ ಬಂದ.

"ಬಾ ಜಲಜಾ. ಅರ್ಧ ಗಂಟೆ ಕೆಲಸ. ಯಾರಿಗೂ ಕಾಣಲ್ಲ."

"ಇಲ್ಲ," ಎಂದಳು ಜಲಜ.

"ಎಂತ ಇಲ್ಲ?"

"ಮಾಡಲ್ಲ."

ಅವಳು ಅವನನ್ನು ದಾಟಿ ಅಂಗಳದ ನಡುವೆ ಬಂದಳು. ಕಾಲಿಗೆ ಸೋರಿದ ನೀರು ತಾಗಿತು. ಹರಿಪ್ರಸಾದನ ಕೈಯಿಂದ ಸುತ್ತಿಗೆ ತೆಗೆದುಕೊಂಡಳು. ಅವನು ಬಿಟ್ಟುಕೊಟ್ಟ. ಅದು ಅವಳ ಸುತ್ತಿಗೆ. ಹಿಡಿ ಅವಳ ಎಡಗೈಗೆ ಸವೆದಿತ್ತು.

"ಇನ್ನೊಂದು ಸಲ ಕೇಳಿ ಸೀತಾರಾಮಪ್ಪನೋರೆ."

"ಎಂತ ಕೇಳದು?"

"ಕಂಚುಗಾರ ಯಾರು ಅಂತ."

ಅವನು ಕೇಳಲಿಲ್ಲ. ಭಟ್ಟರ ಕಡೆ ತಿರುಗಿದ.

"ನಾನು," ಎಂದಳು. "ಹೆಂಗಸೇ. ಎಡಚಿನೇ. ನಿಮ್ಮ ಅಡಿಕೆ ಹಂಡೆ, ನಿಮ್ಮ ಬಚ್ಚಲ ಹಂಡೆ, ಮಗಳ ಮದುವೆಗೆ ನೀವು ಕೊಟ್ರಲ್ಲ ಕೊಡ, ಎಲ್ಲಾನೂ ನಾನೇ ಬಡಿದದ್ದು. ಯಾವ್ದೂ ಸೋರಿಲ್ಲ. ಇದು ಸೋರಿದ್ದು ನನ್ನ ಪೆಟ್ಟು ಅಳಿಸಿದ್ದಕ್ಕೆ. ನಿನ್ನೆನೇ ಹೇಳಿದ್ದೆ, ಇವರಿಬ್ಬರಿಗೂ. ಕೇಳಿ ಬೇಕಾದ್ರೆ."

ಯಾರೂ ಕೇಳಲಿಲ್ಲ. ಸುಬ್ಬಯ್ಯ ನೆಲ ನೋಡುತ್ತಿದ್ದ.

"ಆಯ್ತಲ್ಲ ಮಾತು," ಎಂದ ಸೀತಾರಾಮಪ್ಪ. "ಈಗ ಹಾಕಮ್ಮ ಒಂದು ಪೆಟ್ಟು. ಹಾಕಿ ಸರಿ ಮಾಡ್ಕೊಡು. ದೇವರ ಕೆಲಸ."

"ಪೆಟ್ಟು ಹಾಕಲ್ಲ. ಪೆಟ್ಟು ಬೀಳೋವರೆಗೂ ಪಾತ್ರೆ ಕಂಚುಗಾರನದು. ಕಟ್ಟಳೆ ನಿಮ್ದು, ನಂದಲ್ಲ."

ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಬಾಯಂಚು ಹಿಡಿದು ಹೆಗಲು ಕೊಟ್ಟು ನೂಕಿದಳು. ತುಂಬಿದ ಕೊಪ್ಪರಿಗೆ ಅಲುಗಲಿಲ್ಲ. ಮತ್ತೆ ನೂಕಿದಳು. ನೀರು ತುಳುಕಿ ಅವಳ ಎದೆ ಮುಖವೆಲ್ಲ ಒದ್ದೆಯಾಯಿತು.

"ತಾಮ್ರ ಊರಿಂದು ಕಣೇ," ಎಂದು ಯಾರೋ ಹಿಂದಿನಿಂದ ಕೂಗಿದರು. "ಹೊತ್ಕೊಂಡು ಹೋಗಕ್ಕೆ ನಿನ್ನಪ್ಪಂದಲ್ಲ."

"ತಾಮ್ರ ಬೇಕಾದ್ರೆ ತಗಡು ಮಾಡಿ ಕೊಡ್ತೀನಿ. ಬಡಿದದ್ದು ನಂದು."

ಕೆರಿಯಮ್ಮ ಕತ್ತಿ ಕೆಳಗಿಟ್ಟು ಎದ್ದಳು. ಕೈಗಂಟಿದ ಹಲಸಿನ ಅಂಟನ್ನು ಸೆರಗಿಗೆ ಒರೆಸುತ್ತ ಬಂದಳು. "ಇದ್ರಾಗೆ ನಮ್ಮತ್ತೆ ಹಂಡೆ ಪಾಲೂ ಇದೆ. ಅದನ್ನ ಕೊಟ್ಟಿದ್ದು ನಾನು. ಜಲಜಕ್ಕನ ಹತ್ರ ಇರ್ಲಿ ಅಂತ ಈಗ ನಾನೇ ಹೇಳ್ತೀನಿ. ಊಟಕ್ಕೆ ಬಾಡಿಗೆ ಪಾತ್ರೆ ತರ್ಸಿ." ಅವಳು ಜಲಜಳ ಮಗ್ಗುಲಲ್ಲಿ ಹೆಗಲು ಕೊಟ್ಟಳು. ಕೊಪ್ಪರಿಗೆ ಮಗ್ಗುಲಾಯಿತು. ನೀರು ಅಂಗಳದ ತುಂಬ ಹರಿದು ಮೊಕ್ತೇಸರರ ಪಾದ ತೊಳೆಯಿತು.

ಗುಡಿಯಿಂದ ಕೇರಿಗೆ ಇಳಿಜಾರಿನ ದಾರಿ. ಇಬ್ಬರೂ ಕೊಪ್ಪರಿಗೆಯನ್ನು ಉರುಳಿಸಿಕೊಂಡು, ತಡೆದುಕೊಂಡು, ಉರುಳಿಸಿಕೊಂಡು ಹೋದರು. ತಾಮ್ರ ರಸ್ತೆಯ ಜಲ್ಲಿಗೆ ತಾಗಿ ಊರಿಗೆಲ್ಲ ಕೇಳುವಂತೆ ಮೊಳಗಿತು. ಹರಿಪ್ರಸಾದನ ಕನ್ನಡಿ ಗೀರಿ ಗೀರಿ ಮಂಕಾಯಿತು. ಜಲಜಳಿಗೆ ಅಳು ಬಂತು. ಅತ್ತಳು. ನಡೆಯುವುದನ್ನು ನಿಲ್ಲಿಸಲಿಲ್ಲ.

ಮನೆಗೆ ಬಂದು ಒಲೆ ಹೊತ್ತಿಸಿದಳು. ಬ್ಲೋವರ್ ಹಾಕಿದಳು. ಸುಬ್ಬಯ್ಯ ಕೂರುತ್ತಿದ್ದ ಮಣೆಯನ್ನು ಎಳೆದುಕೊಂಡು ಕೂತು, ತೆಳ್ಳಗಾದ ಬೆಸುಗೆಯನ್ನು ಬಿಡಿಸಿ, ಹೊಸ ಹಲ್ಲು ಕತ್ತರಿಸಿ ಮತ್ತೆ ಬೆಸೆದಳು. ಮಧ್ಯಾಹ್ನ ದಾಟುವ ಹೊತ್ತಿಗೆ ತಳದಿಂದ ಮೊದಲ ಸಾಲು ಶುರುವಾಗಿತ್ತು. ಸಾಲು ತನ್ನ ಕಡೆಗೇ ವಾಲಿಕೊಂಡು ಏರುತ್ತಿತ್ತು.

ಆಗ ಸುಬ್ಬಯ್ಯ ಬಂದ. ಕಂಕುಳಲ್ಲಿ ಆ ಸೀರೆ ಮುದ್ದೆಯಾಗಿತ್ತು. ಹೊಸ್ತಿಲ ಹೊರಗೆ ನಿಂತ. ತಪ್ಪಾಯಿತು ಅನ್ನುತ್ತಾನೇನೋ ಎಂದು ಅವಳ ಸುತ್ತಿಗೆ ಒಂದು ಗಳಿಗೆ ನಿಂತಿತು. ರಸ್ತೆಯಲ್ಲಿ ಗುಡಿಯಿಂದ ಮರಳುತ್ತಿದ್ದ ಜನ ನಿಂತು ಒಳಗೆ ನೋಡುತ್ತಿದ್ದರು. ಸುಬ್ಬಯ್ಯ ಅವರ ಕಡೆ ನೋಡಿದ, ಇವಳ ಕಡೆ ನೋಡಿದ.

"ಕದ ಹಾಕ್ಕೊಳೆ," ಎಂದ. "ದಾರಿಯೋರಿಗೆ ಕಾಣ್ತದೆ."

ಜಲಜ ಎಡಗೈ ಎತ್ತಿದಳು.

"ಕಾಣ್ಲಿ," ಎಂದಳು.